ಯಕೃತ್ತಿಗೆ ನೆತ್ತರು ಬರುವ ದಾರಿ: ಕಸಿ ಶಸ್ತ್ರಚಿಕಿತ್ಸೆಯಲ್ಲಿ ದಾನಿಯ ಧಮನಿಯ ಮಾತು

ಕಳೆದ ಕಾರ್ತಿಕ ಮಾಸದಲ್ಲಿ ಶ್ರೀಮಠದ ದರ್ಶನಕ್ಕೆ ಬಂದಿದ್ದ ಕುಟುಂಬವೊಂದು ಪ್ರಸಾದ ಸ್ವೀಕರಿಸಿದ ಬಳಿಕ ನಮ್ಮಲ್ಲಿಗೆ ಬಂದು ಕುಳಿತಿತು. ಮನೆಯ ಹಿರಿಯ ಮಗನ ಯಕೃತ್ತು, ಅಂದರೆ ಆಡುಮಾತಿನಲ್ಲಿ ನಾವೆಲ್ಲ ಲಿವರ್ ಎನ್ನುವ ಅಂಗ, ಪೂರ್ಣವಾಗಿ ಸೋತುಹೋಗಿತ್ತು. ಕಸಿಯೊಂದೇ ಉಳಿದಿರುವ ದಾರಿಯೆಂದು ವೈದ್ಯರು ತಿಳಿಸಿದ್ದರು. ಕಿರಿಯ ಮಗ ತನ್ನ ಯಕೃತ್ತಿನ ಭಾಗವನ್ನು ಅಣ್ಣನಿಗೆ ಕೊಡಲು ಮುಂದೆ ಬಂದಿದ್ದ. ಪರೀಕ್ಷೆಗಳು ನಡೆಯುತ್ತಿದ್ದಾಗ ವೈದ್ಯರೊಬ್ಬರು, “ನಿಮ್ಮ ಧಮನಿ ಬೇರೆ ಕಡೆಯಿಂದ ಹುಟ್ಟಿದೆ, ಅದನ್ನು ಇನ್ನೊಮ್ಮೆ ಕೂತು ನೋಡಬೇಕು” ಎಂದರಂತೆ. ಆ ಮಾತು ಮನೆಯವರ ಕಿವಿಗೆ ಬೇರೆಯೇ ಆಗಿ ಕೇಳಿಸಿತು. ಕಿರಿಯವನಿಗೂ ಏನೋ ದೋಷವಿದೆ, ಅದನ್ನು ನೇರವಾಗಿ ಹೇಳಲು ವೈದ್ಯರು ಹಿಂಜರಿಯುತ್ತಿದ್ದಾರೆ ಎಂದು ಎಲ್ಲರೂ ಭಾವಿಸಿದರು. ಭಯದಿಂದ ಹದಿನೈದು ದಿನ ಆಸ್ಪತ್ರೆಯ ಕಡೆ ತಲೆಹಾಕಿರಲಿಲ್ಲ. ಅಷ್ಟರಲ್ಲಿ ಅಣ್ಣನ ಹೊಟ್ಟೆಯಲ್ಲಿ ನೀರು ಮತ್ತಷ್ಟು ತುಂಬಿತ್ತು. “ಹುಟ್ಟುವಾಗಲೇ ಹೀಗಿತ್ತೆ ಡಾಕ್ಟ್ರೇ? ಬಸುರಿಯಾಗಿದ್ದಾಗ ನನ್ನಿಂದಲೇ ಏನಾದರೂ ತಪ್ಪಾಯಿತೆ?” ಎಂದು ಆ ತಾಯಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಆ ತಾಯಿಗೆ ನಾವು ಅಂದು ಹೇಳಿದ ಉತ್ತರವನ್ನೇ ಇಲ್ಲಿ ಮೊದಲು ಹೇಳಿಬಿಡುತ್ತೇವೆ. ಧಮನಿ ಬೇರೆ ಕಡೆಯಿಂದ ಹುಟ್ಟುವುದು ರೋಗವಲ್ಲ, ದೋಷವೂ ಅಲ್ಲ. ಸಾಲಾಗಿ ನಿಂತ ನಾಲ್ವರು ಭಕ್ತರಲ್ಲಿ ಒಬ್ಬರಿಗೆ ಹಾಗೆಯೇ ಇರಬಹುದು. ಅವರು ನೂರು ವರ್ಷ ಬಾಳಿದರೂ ಅದು ಅವರ ಅರಿವಿಗೇ ಬರುವುದಿಲ್ಲ. ಯಕೃತ್ತನ್ನು ಒಂದು ದೇಹದಿಂದ ಮತ್ತೊಂದು ದೇಹಕ್ಕೆ ಸೇರಿಸುವ ದಿನ ಮಾತ್ರ ಈ ವ್ಯತ್ಯಾಸಕ್ಕೆ ಪ್ರಾಣದಷ್ಟು ಬೆಲೆ ಬರುತ್ತದೆ. ಅದೇಕೆಂಬುದನ್ನು ವಿವರಿಸಬೇಕು.

ನಮ್ಮ ದೇಹದ ಬೇರೆ ಅಂಗಗಳಿಗೆ ನೆತ್ತರು ಸಾಮಾನ್ಯವಾಗಿ ಧಮನಿಗಳಿಂದ ಮಾತ್ರ ಬರುತ್ತದೆ. ಯಕೃತ್ತಿಗೆ ಎರಡು ಮೂಲಗಳಿವೆ. ಕರುಳು, ಜಠರ, ಗುಲ್ಮಗಳಿಂದ ಉಂಡ ಅನ್ನದ ಸಾರವನ್ನು ಹೊತ್ತು ತರುವ ದೊಡ್ಡ ಅಭಿಧಮನಿ ಒಂದು. ವೈದ್ಯರು ಅದನ್ನು ಪೋರ್ಟಲ್ ವೇನ್ ಎನ್ನುತ್ತಾರೆ. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಇದರಿಂದಲೇ ಬರುತ್ತದೆ. ಉಳಿದ ಕಾಲು ಪಾಲನ್ನು ತರುವುದು ಹೃದಯದಿಂದ ನೇರವಾಗಿ ಶುದ್ಧ ರಕ್ತವನ್ನು ಒಯ್ಯುವ ಯಕೃತ್ ಧಮನಿ. ಪ್ರಮಾಣದಲ್ಲಿ ಇದು ಕಾಲು ಪಾಲಾದರೂ ಪ್ರಾಣವಾಯುವಿನ ಲೆಕ್ಕದಲ್ಲಿ ಸುಮಾರು ಅರ್ಧದಷ್ಟನ್ನು ಪೂರೈಸುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವನ್ನು ಕರುಳಿಗೆ ಸಾಗಿಸುವ ಪಿತ್ತನಾಳಗಳು ಈ ಧಮನಿಯನ್ನೇ ನಂಬಿ ಬದುಕುತ್ತವೆ. ಅಭಿಧಮನಿಯ ನೆತ್ತರು ಎಷ್ಟೇ ಹರಿದರೂ ಅವುಗಳ ಹಸಿವು ತೀರುವುದಿಲ್ಲ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಪಠ್ಯಪುಸ್ತಕದಲ್ಲಿ ಬರೆದಿರುವ ದಾರಿ ಹೀಗಿದೆ. ಬೆನ್ನೆಲುಬಿನ ಮುಂದೆ ಕೆಳಗಿಳಿಯುವ ಮಹಾಧಮನಿಯಿಂದ, ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಕೆಳಗೆ ಒಂದು ಗಿಡ್ಡನೆಯ ಕಾಂಡ ಹೊರಡುತ್ತದೆ. ಅದರ ಹೆಸರು ಸೀಲಿಯಾಕ್ ಕಾಂಡ. ಬಿಲ್ವಪತ್ರೆಯ ತೊಟ್ಟಿನಿಂದ ಮೂರು ದಳಗಳು ಬಿಡಿಸಿಕೊಂಡಂತೆ ಅದು ಮೂರಾಗಿ ಕವಲೊಡೆಯುತ್ತದೆ. ಒಂದು ಜಠರಕ್ಕೆ, ಒಂದು ಗುಲ್ಮಕ್ಕೆ, ಮೂರನೆಯದು ಯಕೃತ್ತಿನ ಕಡೆಗೆ. ಹದಿನೆಂಟನೆಯ ಶತಮಾನದ ಸ್ವಿಸ್ ಪಂಡಿತ ಆಲ್ಬ್ರೆಕ್ಟ್ ಫಾನ್ ಹಾಲರ್ ಈ ರಚನೆಯನ್ನು ಮುಕ್ಕಾಲುಪೀಠಕ್ಕೆ ಹೋಲಿಸಿದ್ದ. ನಮಗೆ ಬಿಲ್ವವೇ ಹತ್ತಿರ. ಯಕೃತ್ತಿನ ಕಡೆಗೆ ಹೊರಟ ಕವಲು ಅಂಗದ ಬಾಗಿಲಿನ ಬಳಿ ಬಲ ಮತ್ತು ಎಡ ಎಂದು ಎರಡಾಗಿ ಒಳಹೊಗುತ್ತದೆ.

ಆದರೆ ಪಠ್ಯಪುಸ್ತಕವನ್ನು ಓದಿಕೊಂಡು ದೇಹ ಹುಟ್ಟುವುದಿಲ್ಲ. ಅಮೆರಿಕದ ಅಂಗರಚನಾ ತಜ್ಞ ನಿಕೋಲಸ್ ಮಿಕೆಲ್ಸ್ 200 ಮೃತದೇಹಗಳನ್ನು ಅತಿ ಸೂಕ್ಷ್ಮವಾಗಿ ಬಿಡಿಸಿ ನೋಡಿ 1955ರಲ್ಲಿ ತನ್ನ ಬೃಹದ್ಗ್ರಂಥವನ್ನು ಪ್ರಕಟಿಸಿದಾಗ, ಪುಸ್ತಕದಲ್ಲಿರುವಂಥ ರಚನೆ ಅವನಿಗೆ ಸಿಕ್ಕಿದ್ದು ಸುಮಾರು ನೂರಕ್ಕೆ 55ರಲ್ಲಿ ಮಾತ್ರ. 1994ರಲ್ಲಿ ಲಾಸ್ ಏಂಜಲೀಸಿನ ಶಸ್ತ್ರವೈದ್ಯರು ಕಸಿಗಾಗಿ ತೆಗೆದ 1000 ಯಕೃತ್ತುಗಳ ಧಮನಿಗಳನ್ನು ಲೆಕ್ಕಹಾಕಿದರು. 757ರಲ್ಲಿ ಸಾಮಾನ್ಯ ರಚನೆಯಿತ್ತು. 97ರಲ್ಲಿ ಎಡ ಧಮನಿ ಜಠರದ ಧಮನಿಯಿಂದ ಹೊರಟಿತ್ತು. 106ರಲ್ಲಿ ಬಲ ಧಮನಿ ಕರುಳಿಗೆ ನೆತ್ತರು ಒಯ್ಯುವ ಮೇಲಿನ ಮಹಾಕವಲಿನಿಂದ ಹುಟ್ಟಿತ್ತು. 23ರಲ್ಲಿ ಈ ಎರಡೂ ಕೂಡಿದ್ದವು. 15ರಲ್ಲಿ ಇಡೀ ಯಕೃತ್ ಧಮನಿಯೇ ಕರುಳಿನ ಧಮನಿಯಿಂದ ಬಂದಿತ್ತು. ಇಬ್ಬರಲ್ಲಿ ಅದು ನೇರವಾಗಿ ಮಹಾಧಮನಿಯಿಂದ ಹೊರಟಿತ್ತು. ಇಂದಿಗೂ ಶಸ್ತ್ರವೈದ್ಯರು ಒಬ್ಬರಿಗೊಬ್ಬರು ಮಾತಾಡುವಾಗ ಈ ಎರಡು ವರ್ಗೀಕರಣಗಳ ಭಾಷೆಯನ್ನೇ ಬಳಸುತ್ತಾರೆ.

ಹೀಗಾಗುವುದೇಕೆ? ತಾಯಿಯ ಗರ್ಭದಲ್ಲಿ ಶಿಶು ಇನ್ನೂ ಹುರುಳಿಕಾಳಿನಷ್ಟಿರುವಾಗ ಎಳೆಯ ಯಕೃತ್ತಿಗೆ ಮೂರು ಧಮನಿಗಳು ಮೂರು ದಿಕ್ಕಿನಿಂದ ಬರುತ್ತವೆ ಎಂದು ವಿವರಿಸುತ್ತಾರೆ. ಎಡಗಡೆಯದು ಜಠರದ ಧಮನಿಯಿಂದ, ಬಲಗಡೆಯದು ಕರುಳಿನ ಧಮನಿಯಿಂದ, ನಡುವಿನದು ಸೀಲಿಯಾಕ್ ಕಾಂಡದಿಂದ. ಬೆಳೆಯುತ್ತ ಹೋದಂತೆ ನಡುವಿನದು ಯಜಮಾನಿಕೆ ವಹಿಸಿ, ಪಕ್ಕದವೆರಡು ಕರಗಿಹೋಗುತ್ತವೆ. ಕೆಲವರಲ್ಲಿ ಪಕ್ಕದ್ದೊಂದು ಕರಗದೆ ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಊರಕೆರೆಯ ತೂಬಿನಿಂದಲೇ ಗದ್ದೆಗಳೆಲ್ಲ ತೋಯುತ್ತವೆ. ಎಲ್ಲೋ ಒಂದು ಗದ್ದೆಗೆ ಮಾತ್ರ ಪಕ್ಕದೂರಿನ ಕೆರೆಯ ಹಳೆಯ ಕಾಲುವೆಯಿಂದ ನೀರು ಬರುತ್ತದೆ. ಬೆಳೆಯಲ್ಲೇನೂ ಕೊರತೆಯಿಲ್ಲ. ತಾಯಿಯ ಆಹಾರ, ಗ್ರಹಣ, ಮನಸ್ಸಿನ ಕೊರಗು ಇವ್ಯಾವುವೂ ಇದಕ್ಕೆ ಕಾರಣವಲ್ಲ.

ಈ ಪಕ್ಕದೂರಿನ ಕಾಲುವೆಯಲ್ಲಿ ಎರಡು ಬಗೆಯುಂಟು. ಊರಕೆರೆಯ ನೀರೂ ಬರುತ್ತಿದ್ದು, ಜೊತೆಗೆ ಇದೂ ಒಂದಿಷ್ಟು ಸೇರಿಸುತ್ತಿದ್ದರೆ ಅದು ಹೆಚ್ಚುವರಿ ಧಮನಿ. ಆ ಭಾಗಕ್ಕೆ ಇದೊಂದೇ ಆಧಾರವಾಗಿದ್ದರೆ ಅದು ಬದಲಿ ಧಮನಿ. ಎರಡನೆಯದು ಕಡಿದುಹೋದರೆ ಆ ಭಾಗ ಒಣಗುತ್ತದೆ. ಮೇಲುನೋಟಕ್ಕೆ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲವಾದ್ದರಿಂದ ಅನುಭವಿ ಶಸ್ತ್ರವೈದ್ಯರು ಕಂಡ ಧಮನಿಯನ್ನೆಲ್ಲ ಮೊದಲು ಉಳಿಸಿಕೊಳ್ಳುತ್ತಾರೆ, ಆಮೇಲೆ ಯೋಚಿಸುತ್ತಾರೆ.

ಮೃತದಾನಿಯಿಂದ, ಅಂದರೆ ಮಿದುಳು ನಿಷ್ಕ್ರಿಯವಾದ ವ್ಯಕ್ತಿಯಿಂದ ಯಕೃತ್ತನ್ನು ಪಡೆಯುವಾಗ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಅಲ್ಲಿ ಸಮಯವಿರುವುದಿಲ್ಲ. ಹೃದಯ, ಮೂತ್ರಪಿಂಡ, ಕೆಲವೊಮ್ಮೆ ಮೇದೋಜ್ಜೀರಕ ಗ್ರಂಥಿ ಪಡೆಯಲು ಬೇರೆ ಬೇರೆ ತಂಡಗಳು ಒಂದೇ ಮೇಜಿನ ಸುತ್ತ ನಿಂತಿರುತ್ತವೆ. ದಾನಿಯ ಧಮನಿಗಳ ನಕ್ಷೆ ಬಹುಪಾಲು ಸಂದರ್ಭಗಳಲ್ಲಿ ಮೊದಲೇ ಕೈಯಲ್ಲಿರುವುದಿಲ್ಲ. ಬದಲಿ ಎಡ ಧಮನಿ ಜಠರ ಮತ್ತು ಯಕೃತ್ತಿನ ನಡುವಣ ತೆಳುವಾದ ಪೊರೆಯಲ್ಲಿ ಹಾದುಬರುತ್ತದೆ. ಸಾಮಾನ್ಯ ದಾನಿಯಲ್ಲಿ ಆ ಪೊರೆಯನ್ನು ಒಂದೇ ಏಟಿಗೆ ಕತ್ತರಿಸಿಬಿಡಬಹುದು. ಇಲ್ಲಿ ಆ ಕತ್ತರಿಯೇ ಯಕೃತ್ತಿನ ಎಡಭಾಗದ ಉಸಿರನ್ನು ಕಡಿಯುತ್ತದೆ. ಬದಲಿ ಬಲ ಧಮನಿ ಪೋರ್ಟಲ್ ಅಭಿಧಮನಿಯ ಹಿಂದೆ ಅಡಗಿರುತ್ತದೆ. ಕಣ್ಣಿಗೆ ಕಾಣದು. ಬೆರಳನ್ನು ಹಿಂದಕ್ಕೆ ತೂರಿಸಿ ನಾಡಿಯ ಮಿಡಿತವನ್ನು ಹುಡುಕಬೇಕು. ನೋಡುವುದಕ್ಕೆ ಮುನ್ನ ಮುಟ್ಟು, ಕತ್ತರಿಸುವುದಕ್ಕೆ ಮುನ್ನ ಎರಡನ್ನೂ ಮಾಡು ಎಂಬುದು ಅಲ್ಲಿನ ಶಿಸ್ತು.

ತೆಗೆದ ಯಕೃತ್ತನ್ನು ಮಂಜುಗಡ್ಡೆಯಲ್ಲಿ ತಣ್ಣಗಿರಿಸಿ, ರೋಗಿಯ ಕೋಣೆಯ ಪಕ್ಕದ ಮೇಜಿನ ಮೇಲೆ ಸಿದ್ಧಪಡಿಸುವಾಗ ಧಮನಿಗಳನ್ನು ಒಂದುಗೂಡಿಸುವ ಕೆಲಸ ನಡೆಯುತ್ತದೆ. ಉದಾಹರಣೆಗೆ, ಬೇರೆಯಾಗಿ ಬಂದ ಬಲ ಧಮನಿಯನ್ನು ಅದೇ ದಾನಿಯ ಗುಲ್ಮದ ಧಮನಿಯ ಮೋಟು ತುದಿಗೆ ಹೊಲಿಯುತ್ತಾರೆ. ಆಗ ಎರಡು ಬಾಯಿಗಳ ಬದಲು ರೋಗಿಯ ದೇಹಕ್ಕೆ ಜೋಡಿಸಬೇಕಾದ ಬಾಯಿ ಒಂದೇ ಆಗುತ್ತದೆ. ಧಮನಿ ಗಿಡ್ಡವಾದರೆ ಸೇತುವೆಯಾಗಲೆಂದು ದಾನಿಯ ಕಿಬ್ಬೊಟ್ಟೆಯ ಧಮನಿಯ ತುಂಡನ್ನೂ ತಂಡದವರು ಜೊತೆಯಲ್ಲಿ ತಂದಿರುತ್ತಾರೆ. ರಕ್ತನಾಳಗಳನ್ನು ಹೀಗೆ ಹೊಲಿಯುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟವರು ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್. ಲಿಯೋನ್ ನಗರದ ಕಸೂತಿ ಕೆಲಸದ ಮಹಿಳೆಯೊಬ್ಬರಿಂದ ಅವರು ಸೂಕ್ಷ್ಮ ಸೂಜಿಗೆಲಸವನ್ನು ಕಲಿತಿದ್ದರು. 1912ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬುವ ನಮಗೆ ಈ ಪ್ರಸಂಗ ಪ್ರಿಯವಾದದ್ದು.

ಇಷ್ಟೆಲ್ಲ ಶ್ರಮ ಏತಕ್ಕೆಂದರೆ, ಕಸಿಯಾದ ಮೊದಲ ದಿನಗಳಲ್ಲಿ ಶಸ್ತ್ರವೈದ್ಯರು ಅತ್ಯಂತ ಹೆದರುವ ತೊಡಕುಗಳಲ್ಲಿ ಒಂದು ಈ ಧಮನಿಯಲ್ಲಿ ನೆತ್ತರು ಹೆಪ್ಪುಗಟ್ಟುವುದು. 2009ರಲ್ಲಿ ಪ್ರಕಟವಾದ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಸಿಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ಇದು ನೂರಕ್ಕೆ ಸುಮಾರು ಮೂರು ಮಂದಿಗೆ, ಮಕ್ಕಳಲ್ಲಿ ಸುಮಾರು ಎಂಟು ಮಂದಿಗೆ ಆಗುತ್ತದೆ. ಹಾಗಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೊಂದು ಯಕೃತ್ತು ಬೇಕಾಯಿತು. ಮೂವರಲ್ಲಿ ಒಬ್ಬರು ಉಳಿಯಲಿಲ್ಲ. ಸಹಜವಾದ ಯಕೃತ್ತಿನಲ್ಲಿ ಧಮನಿ ಕಟ್ಟಿಕೊಂಡರೆ ಸುತ್ತಮುತ್ತಲಿನ ಸಣ್ಣಪುಟ್ಟ ನಾಳಗಳು ನೆರವಿಗೆ ಬರುತ್ತವೆ. ಕಸಿ ಮಾಡಿದ ಯಕೃತ್ತಿನಲ್ಲಿ ಅವೆಲ್ಲ ಕತ್ತರಿಸಿಹೋಗಿರುತ್ತವೆ. ಆಗ ಯಕೃತ್ತಿನ ಕೋಶಗಳು ಪೋರ್ಟಲ್ ರಕ್ತದಿಂದ ಹೇಗೋ ಬದುಕಿದರೂ ಪಿತ್ತನಾಳಗಳು ಒಣಗುತ್ತವೆ. ಒಣಗಿದ ನಾಳ ಸೋರುತ್ತದೆ, ಇಲ್ಲವೇ ಕುಗ್ಗಿ ಮುಚ್ಚಿಕೊಳ್ಳುತ್ತದೆ. ನಿಂತ ಪಿತ್ತದಲ್ಲಿ ಸೋಂಕು ಬೆಳೆಯುತ್ತದೆ, ಕೀವು ತುಂಬುತ್ತದೆ.

ಪಿತ್ತನಾಳ, ಸ್ಟೆಂಟ್ ಎಂಬ ಮಾತುಗಳು ಭಕ್ತರಿಗೆ ಹೊಸವಲ್ಲ. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಪಿತ್ತನಾಳದ ತೊಂದರೆಗೆ ಸ್ಟೆಂಟ್ ಹಾಕಿಸಿಕೊಂಡು, 2018ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದಾಗ ನಾಡಿನ ಮನೆಮನೆಯಲ್ಲೂ ಆ ಮಾತು ಕೇಳಿಬಂದಿತ್ತು. ಪೂಜ್ಯರಿಗೆ ಆದದ್ದು ಕಸಿಯಲ್ಲ, ಅವರ ತೊಂದರೆಯ ಕಾರಣವೂ ಬೇರೆ. ಆದರೆ ಬೆರಳಿಗಿಂತ ಸಣ್ಣದಾದ ಒಂದು ನಾಳ ಮುಚ್ಚಿಕೊಂಡರೆ ಇಡೀ ದೇಹ ಹೇಗೆ ಬಳಲುತ್ತದೆಂಬುದನ್ನು ನಾವೆಲ್ಲ ಅಂದು ಕಂಡಿದ್ದೇವೆ.

ಹಾಗಿದ್ದರೆ ಧಮನಿ ಬೇರೆಯಾಗಿರುವ ದಾನಿಯ ಯಕೃತ್ತು ಪಡೆದವರ ಗತಿ ಕೆಟ್ಟದ್ದೇ? ಅಲ್ಲ. ವ್ಯತ್ಯಾಸವನ್ನು ಮೊದಲೇ ಗುರುತಿಸಿ, ಗಾಯಮಾಡದೆ ತೆಗೆದು, ಸರಿಯಾಗಿ ಜೋಡಿಸಿದಲ್ಲಿ ಅಂಥ ಯಕೃತ್ತುಗಳೂ ಸಾಮಾನ್ಯ ರಚನೆಯವುಗಳಷ್ಟೇ ಬಾಳುತ್ತವೆ ಎಂದು ಹಲವು ಕೇಂದ್ರಗಳ ಅನುಭವ ಹೇಳುತ್ತದೆ. ಜೋಡಣೆಗಳ ಸಂಖ್ಯೆ ಹೆಚ್ಚಾದಾಗ, ನಾಳ ತೀರ ಸಣ್ಣದಾದಾಗ ಹೆಪ್ಪುಗಟ್ಟುವ ಸಂಭವ ಏರುತ್ತದೆಂದು ಹೇಳುವ ಅಧ್ಯಯನಗಳೂ ಇವೆ, ಅದನ್ನು ಮುಚ್ಚಿಡಬಾರದು. ನಮ್ಮ ಅಭಿಪ್ರಾಯದಲ್ಲಿ ಕೇಡು ಇರುವುದು ವ್ಯತ್ಯಾಸದಲ್ಲಲ್ಲ, ಅದು ಕಣ್ಣಿಗೆ ಬೀಳದೆ ಕತ್ತರಿಸಿಹೋಗುವುದರಲ್ಲಿ.

ನಮ್ಮ ದೇಶದಲ್ಲಿ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳಿಂದಲೇ ನಡೆಯುತ್ತವೆ. ತಾಯಿ ಮಗುವಿಗೆ, ಮಗಳು ತಂದೆಗೆ, ತಮ್ಮ ಅಣ್ಣನಿಗೆ ಕೊಡುತ್ತಾರೆ. ಇಲ್ಲಿ ಸಮಯವಿದೆ, ಅದು ದೊಡ್ಡ ಅನುಕೂಲ. ಸಿ.ಟಿ. ಆಂಜಿಯೋಗ್ರಾಂ ಎಂಬ ಪರೀಕ್ಷೆಯಲ್ಲಿ ಕೈಯ ರಕ್ತನಾಳಕ್ಕೆ ಬಣ್ಣದ ಔಷಧವನ್ನು ಕೊಟ್ಟು ಹೊಟ್ಟೆಯ ಧಮನಿಗಳ ನಕ್ಷೆಯನ್ನು ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡುತ್ತಾರೆ. “ಇನ್ನೊಮ್ಮೆ ಕೂತು ನೋಡಬೇಕು” ಎಂದು ಆ ವೈದ್ಯರು ಹೇಳಿದ್ದು ಈ ನಕ್ಷೆಯನ್ನೇ.

ವಯಸ್ಕ ರೋಗಿಗೆ ಹೆಚ್ಚಾಗಿ ಕೊಡುವುದು ಯಕೃತ್ತಿನ ಬಲಭಾಗವನ್ನು; ಅದು ಇಡಿಯ ಅಂಗದ ಸುಮಾರು ನೂರಕ್ಕೆ ಅರವತ್ತರಷ್ಟು. ಈ ಭಾಗಕ್ಕೆ ಹೋಗುವ ಧಮನಿಯ ಅಗಲ ಎರಡು ಮೂರು ಮಿಲಿಮೀಟರ್ ಮಾತ್ರ. ಕೂದಲೆಳೆಗಿಂತ ತೆಳುವಾದ ದಾರದಿಂದ, ಸೂಕ್ಷ್ಮದರ್ಶಕದಲ್ಲೋ ದೊಡ್ಡದಾಗಿ ತೋರುವ ಕನ್ನಡಕದಲ್ಲೋ ನೋಡುತ್ತ ಅದನ್ನು ಹೊಲಿಯಬೇಕು. 1990ರ ದಶಕದ ಆರಂಭದಲ್ಲಿ ಜಪಾನಿನ ಕ್ಯೋಟೋ ನಗರದ ತಂಡವು ಸೂಕ್ಷ್ಮದರ್ಶಕದ ಹೊಲಿಗೆಯನ್ನು ಈ ಕಸಿಗೆ ತಂದ ಮೇಲೆ, ಅದರಲ್ಲೂ ಮಕ್ಕಳಲ್ಲಿ, ಹೆಪ್ಪುಗಟ್ಟುವ ತೊಡಕು ಬಹಳ ಇಳಿಯಿತು.

ಇಲ್ಲೊಂದು ಸೋಜಿಗವಿದೆ. ಬಲ ಧಮನಿ ಕರುಳಿನ ಧಮನಿಯಿಂದ ಪ್ರತ್ಯೇಕವಾಗಿ ಬಂದಿದ್ದರೆ ಬಲಭಾಗವನ್ನು ಕೊಡುವ ದಾನಿಯಲ್ಲಿ ಅದು ಎಷ್ಟೋ ಸಲ ಅನುಕೂಲವೇ ಆಗುತ್ತದೆ. ಆ ಧಮನಿ ಉದ್ದವಾಗಿರುತ್ತದೆ, ತಕ್ಕಮಟ್ಟಿಗೆ ಅಗಲವಾಗಿಯೂ ಇರುತ್ತದೆ. ದಾನಿಯಲ್ಲಿ ಉಳಿಯುವ ಎಡಭಾಗದ ಧಮನಿಯನ್ನು ಮುಟ್ಟದೆಯೇ ಅದನ್ನು ಬಿಡಿಸಿಕೊಳ್ಳಬಹುದು. ಆ ಕುಟುಂಬದ ಕಿರಿಯ ಮಗನ ವರದಿಯಲ್ಲಿ ಇದ್ದದ್ದು ಇದೇ ರಚನೆ. ಇಷ್ಟು ದಿನ ಅವರು ದೋಷವೆಂದು ಅಳುತ್ತಿದ್ದದ್ದು ಇದಕ್ಕಾಗಿ!

ನಿಜವಾಗಿ ಎಚ್ಚರಿಕೆ ಬೇಕಾದ ರಚನೆಗಳು ಬೇರೆ ಇವೆ. ಬಲಭಾಗಕ್ಕೆ ಎರಡು ಸಣ್ಣ ಧಮನಿಗಳು ಬೇರೆ ಬೇರೆಯಾಗಿ ಹೋಗುತ್ತಿದ್ದರೆ ಎರಡು ಜೋಡಣೆ ಬೇಕಾಗಬಹುದು. ಇಂಥಲ್ಲಿ ದೊಡ್ಡದನ್ನು ಮೊದಲು ಜೋಡಿಸುತ್ತಾರೆ. ಆಗ ಚಿಕ್ಕದರ ತೆರೆದ ಬಾಯಿಯಿಂದ ನೆತ್ತರು ಮಿಡಿಯುತ್ತ ಹಿಮ್ಮುಖವಾಗಿ ಚಿಮ್ಮಿದರೆ, ಒಳಗೊಳಗೇ ಅವೆರಡಕ್ಕೂ ಸಂಪರ್ಕವಿದೆಯೆಂದು ತಿಳಿದು ಚಿಕ್ಕದನ್ನು ಕಟ್ಟಿಬಿಡುವುದುಂಟು. ಇದಕ್ಕಿಂತ ಗಂಭೀರವಾದದ್ದು ದಾನಿಯ ಕ್ಷೇಮದ ಪ್ರಶ್ನೆ. ಯಕೃತ್ತಿನ ಎಡಭಾಗದ ಒಂದು ಖಂಡಕ್ಕೆ, ಅಂದರೆ ದಾನಿಯಲ್ಲೇ ಉಳಿಯಬೇಕಾದ ಭಾಗಕ್ಕೆ, ಕೆಲವರಲ್ಲಿ ಬಲ ಧಮನಿಯಿಂದ ಕವಲು ಹೋಗಿರುತ್ತದೆ. ಆ ಕವಲಿನ ಮುಂದಕ್ಕೆ ಕತ್ತರಿಸಿದರೆ ದಾನಿ ಸುರಕ್ಷಿತ, ಆದರೆ ರೋಗಿಗೆ ಸಿಗುವ ಧಮನಿ ಮೋಟಾಗುತ್ತದೆ. ಹಿಂದಕ್ಕೆ ಕತ್ತರಿಸಿದರೆ ರೋಗಿಗೆ ಅನುಕೂಲ, ದಾನಿಗೆ ಹಾನಿ. ಇಂಥ ಇಕ್ಕಟ್ಟಿನಲ್ಲಿ ದಾನಿಯ ಪಕ್ಷವೇ ಮೊದಲು. ಆರೋಗ್ಯವಂತನಾಗಿ ಮನೆಯಿಂದ ನಡೆದುಬಂದವನನ್ನು ರೋಗಿಯಾಗಿಸಿ ಕಳುಹಿಸುವುದು ಯಾವ ದಾಸೋಹವೂ ಅಲ್ಲ. ಆದಕಾರಣ ವೈದ್ಯರು ಒಬ್ಬ ದಾನಿಯನ್ನು ಬೇಡವೆಂದರೆ, ಅದು ಆ ದಾನಿಯನ್ನು ಕಾಪಾಡಲು ಹೇಳಿದ ಮಾತು ಎಂದು ತಿಳಿಯಬೇಕು. ಯಾವ ಕಾರಣಕ್ಕಾಗಿ ಬೇಡವೆಂದರು, ಉಳಿಯುವ ಭಾಗಕ್ಕೆ ನೆತ್ತರು ಎಲ್ಲಿಂದ ಬರುತ್ತದೆ, ಎಷ್ಟು ಜೋಡಣೆ ಬೇಕಾಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ನಕ್ಷೆಯನ್ನು ತೋರಿಸಿ ವಿವರಿಸಿ ಎಂದು ಕೇಳುವುದಕ್ಕೆ ನಿಮಗೆ ಹಕ್ಕಿದೆ.

ಆ ಕುಟುಂಬಕ್ಕೆ ನಾವು ಮರುದಿನವೇ ಆಸ್ಪತ್ರೆಗೆ ಮರಳುವಂತೆ ಹೇಳಿದೆವು. ಧಮನಿ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಕಿರಿಯ ಮಗನ ಯಕೃತ್ತಿನಲ್ಲಿ ಸೇರಿದ್ದ ಕೊಬ್ಬು. ಅದನ್ನು ಕರಗಿಸಲು ಆತ ದಿನಕ್ಕೆರಡು ಹೊತ್ತು ನಡೆದು, ಕರಿದ ತಿಂಡಿ ಬಿಟ್ಟು, ಕೆಲವು ವಾರ ಕಾಯಬೇಕಾಯಿತು. ಹೆದರಿ ಕಳೆದ ಹದಿನೈದು ದಿನವೂ ಆ ನಡಿಗೆಗೆ ಸೇರಿದ್ದರೆ ಅಣ್ಣನಿಗೆ ಅಷ್ಟರಮಟ್ಟಿಗೆ ನೋವು ಕಡಿಮೆಯಾಗುತ್ತಿತ್ತು. ಕೊನೆಗೆ ಕಸಿ ನಡೆಯಿತು. ಇಬ್ಬರೂ ಈಗ ಮನೆಯಲ್ಲಿದ್ದಾರೆ.

ಮನೆಯಲ್ಲಿ ತಕ್ಕ ದಾನಿ ಇಲ್ಲದವರು ಮೃತದಾನಿಯನ್ನೇ ಕಾಯಬೇಕು. ನಮ್ಮ ರಾಜ್ಯದಲ್ಲಿ ಈ ಹಂಚಿಕೆಯನ್ನು ನೋಡಿಕೊಳ್ಳುವ ಸಂಸ್ಥೆ ಜೀವಸಾರ್ಥಕತೆ. ಹೆಸರು ನೋಂದಾಯಿಸಿದವರ ಸರದಿಯಂತೆ ಅಂಗ ಸಿಗುತ್ತದೆ. 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಮಿದುಳು ನಿಷ್ಕ್ರಿಯವಾಗಿದೆಯೆಂದು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಆ ಮೇಲೂ ಮನೆಯವರ ಒಪ್ಪಿಗೆಯಿಲ್ಲದೆ ಏನೂ ನಡೆಯದು.

ಭಕ್ತರು ನಮ್ಮನ್ನು ಮೆಲುದನಿಯಲ್ಲಿ ಕೇಳುವ ಇನ್ನೊಂದು ಪ್ರಶ್ನೆಯುಂಟು. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಸಮಾಧಿ ಮಾಡುವವರು ನಾವು. ಅಂಗಗಳನ್ನು ತೆಗೆದ ಮೇಲೆ ದೇಹ ಅದಕ್ಕೆ ಯೋಗ್ಯವಾಗಿ ಉಳಿದೀತೆ? ಉಳಿಯುತ್ತದೆ. ಯಕೃತ್ತನ್ನು ತೆಗೆಯುವುದು ಉಳಿದ ಯಾವ ಶಸ್ತ್ರಚಿಕಿತ್ಸೆಯಂತೆಯೇ ಅಚ್ಚುಕಟ್ಟಾಗಿ ನಡೆಯುತ್ತದೆ. ಮೇಲೆ ಹೇಳಿದ ಕಿಬ್ಬೊಟ್ಟೆಯ ಧಮನಿಯ ತುಂಡನ್ನೂ ಅದೇ ಗಾಯದ ಮೂಲಕವೇ ತೆಗೆಯುತ್ತಾರೆ. ಅದಕ್ಕಾಗಿ ಎಲುಬನ್ನು ಮುಟ್ಟುವುದಿಲ್ಲ, ಕೈಕಾಲಿಗೆ ಗಾಯಮಾಡುವುದಿಲ್ಲ. ಕೊನೆಯಲ್ಲಿ ಹೊಲಿಗೆ ಹಾಕಿ, ಶುಚಿಗೊಳಿಸಿ ದೇಹವನ್ನು ಒಪ್ಪಿಸುತ್ತಾರೆ. 2021ರ ಜೂನಿನಲ್ಲಿ ರಸ್ತೆ ಅಪಘಾತದಿಂದ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದ ಬಳಿಕ, ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಅಂತ್ಯಕ್ರಿಯೆ ನೆರವೇರಿದ್ದನ್ನು ನಾಡು ನೋಡಿದೆ.

ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರಿಗೆ ಒಂದು ಮಾತು. ಮೊದಲ ದಿನಗಳಲ್ಲಿ ಆಸ್ಪತ್ರೆಯಲ್ಲಿ ಡಾಪ್ಲರ್ ಎಂಬ ಧ್ವನಿತರಂಗದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುವುದು ಈ ಧಮನಿಯಲ್ಲಿ ನೆತ್ತರು ಹರಿಯುತ್ತಿದೆಯೇ ಎಂದು ನೋಡಲಿಕ್ಕೆ. ಬೇಗ ಗೊತ್ತಾದರೆ ಹೆಪ್ಪನ್ನು ತೆಗೆದು ಯಕೃತ್ತನ್ನು ಉಳಿಸಿಕೊಳ್ಳಲು ಅವಕಾಶವಿರುತ್ತದೆ. ಮನೆಗೆ ಬಂದ ಮೇಲೂ ಹೇಳಿದ ದಿನ ಹೋಗಿ ರಕ್ತಪರೀಕ್ಷೆ, ಡಾಪ್ಲರ್ ಮಾಡಿಸಿಕೊಳ್ಳಬೇಕು. ನೆತ್ತರು ಹೆಪ್ಪುಗಟ್ಟದಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ, ಊರಿನ ಯಾರೋ ಹೊಟ್ಟೆಯುರಿ ಬರುತ್ತದೆಂದು ಹೇಳಿದರೆಂದು ನೀವಾಗಿಯೇ ನಿಲ್ಲಿಸಬೇಡಿ. ಬೀಡಿ ಸಿಗರೇಟುಗಳಂತೂ ಹೊಲಿದ ಧಮನಿಗೆ ನೇರ ಶತ್ರು. ಚಳಿಜ್ವರ ಬಂದರೆ, ಕಣ್ಣು ಮತ್ತೆ ಹಳದಿಯಾದರೆ, ಮೈಯೆಲ್ಲ ಕಾರಣವಿಲ್ಲದೆ ತುರಿಸತೊಡಗಿದರೆ ಕಾಮಾಲೆಯೆಂದು ನಾಟಿ ಔಷಧಿ ಹುಡುಕುತ್ತ ಕೂರದೆ, ಜಾತ್ರೆಯೋ ಮದುವೆಯೋ ಮುಗಿಯಲೆಂದು ಕಾಯದೆ, ಅದೇ ದಿನ ಕಸಿ ಮಾಡಿದ ತಂಡಕ್ಕೆ ಫೋನು ಮಾಡಿ.